ನೇತ್ರಾಣಿಯ ರೂಢಿ ಸಿಲ್ಫ್ರಾದಲ್ಲಿ ನಡೆಯದು

ಮಾನ್ಯ ಸಂಪಾದಕರೇ,

ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಕಲಿತ ನಮ್ಮವರು ಈಗ ಐಸ್‌ಲ್ಯಾಂಡ್‌ನ ಸಿಲ್ಫ್ರಾ ಎಂಬ ನೀರು ತುಂಬಿದ ನೆಲದ ಬಿರುಕಿಗೂ ಹೊರಡುತ್ತಿದ್ದಾರೆ. ಹೋಗಲಿ, ಅಷ್ಟು ತಿಳಿನೀರು ಬೇರೆಡೆ ಸಿಗುವುದು ಅಪರೂಪ. ಆದರೆ ಆ ನೀರು ವರ್ಷವಿಡೀ 2ರಿಂದ 4 ಡಿಗ್ರಿ. ಮೈಗೆ ನೀರು ತಾಗದಂತೆ ತಡೆಯುವ ಡ್ರೈ ಸೂಟ್ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ. ಸಿಲಿಂಡರಿನ ಗಾಳಿಯನ್ನು ಉಸಿರಾಡುವ ಒತ್ತಡಕ್ಕೆ ಇಳಿಸಿ ಬಾಯಿಗೆ ಕೊಡುವ ರೆಗ್ಯುಲೇಟರ್ ಹೆಪ್ಪುಗಟ್ಟುವುದರ ಬಗ್ಗೆ ಕೇಳುವವರು ಕಡಿಮೆ. ಬೆಚ್ಚನೆಯ ಕಡಲಲ್ಲಿ ಕೈಗೆ ಕೂತ ರೂಢಿಗಳೇ ಅಲ್ಲಿ ಅದಕ್ಕೆ ದಾರಿ ಮಾಡಿಕೊಡುತ್ತವೆ.

ಸೈಕಲ್ ಟ್ಯೂಬಿನ ಗಾಳಿ ಬಿಡುವಾಗ ವಾಲ್ವ್ ತಣ್ಣಗಾಗುವುದು ಬೆರಳಿಗೇ ಗೊತ್ತಾಗುತ್ತದೆ. ಇಲ್ಲಿ 200 ಬಾರ್ ಒತ್ತಡದ ಗಾಳಿ ಫಸ್ಟ್ ಸ್ಟೇಜ್ (ರೆಗ್ಯುಲೇಟರಿನ ಸಿಲಿಂಡರಿಗೆ ಕೂರುವ ಭಾಗ) ದಾಟುವಷ್ಟರಲ್ಲಿ ಸುತ್ತಲ ನೀರಿನ ಒತ್ತಡಕ್ಕಿಂತ ಸುಮಾರು 10 ಬಾರ್ ಹೆಚ್ಚಿನ ಮಟ್ಟಕ್ಕೆ ಕುಸಿಯುತ್ತದೆ. ಒಳಗಿನ ಲೋಹ ಸೊನ್ನೆಗಿಂತ ಕೆಳಗಿಳಿಯುತ್ತದೆ. ಮುರುಡೇಶ್ವರದಲ್ಲಾದರೆ ಸುತ್ತಲಿನ ನೀರೇ ಅದನ್ನು ಬೆಚ್ಚಗಿಡುತ್ತದೆ, 2 ಡಿಗ್ರಿ ನೀರಿಗೆ ಅಷ್ಟು ಶಾಖ ಕೊಡಲಾಗದು. ಸ್ಪ್ರಿಂಗ್ ಸುತ್ತ ನಿಂತ ನೀರು ಮಂಜಾದರೆ ವಾಲ್ವ್ ಪೂರ್ತಿ ಮುಚ್ಚದು. ಹೋಸಿನಲ್ಲಿ ಒತ್ತಡ ಏರಿ ಸೆಕೆಂಡ್ ಸ್ಟೇಜ್ (ಬಾಯಲ್ಲಿ ಹಿಡಿಯುವ ಭಾಗ) ತಾನಾಗಿ ತೆರೆದುಕೊಂಡು ಗಾಳಿ ಭೋರೆಂದು ನುಗ್ಗುತ್ತದೆ. ಇದೇ ಫ್ರೀ ಫ್ಲೋ. ಗಾಳಿ ಹೆಚ್ಚು ಹರಿದಷ್ಟೂ ಚಳಿ ಹೆಚ್ಚುವುದರಿಂದ ಅದು ತಾನಾಗಿ ನಿಲ್ಲುವ ಭರವಸೆ ಇಲ್ಲ. ಸೆಕೆಂಡ್ ಸ್ಟೇಜಿನಲ್ಲಾದರೋ ತಂಟೆಗೆ ಮೂಲ ನಮ್ಮದೇ ಉಸಿರಿನ ತೇವ. ಅದು ಒಳಗಿನ ವಾಲ್ವ್ ತೆರೆಯುವ ಸನ್ನೆಯ (ಲಿವರ್) ಮೇಲೆ ಹೆಪ್ಪುಗಟ್ಟುತ್ತದೆ.

ದೋಣಿಯಲ್ಲಿ ನಿಂತು ಗೇಜ್ ನೋಡುತ್ತಾ ಮೂರ್ನಾಲ್ಕು ಉಸಿರು ಎಳೆದು ಬಿಡುವುದು, ಗಾಳಿ ಹೊರಬಿಡುವ ಪರ್ಜ್ ಬಟನ್ ಒತ್ತಿ ನೋಡುವುದು ನಮಗೆ ರೂಢಿ. ಐಸ್‌ಲ್ಯಾಂಡಿನ ಚಳಿಗಾಲದಲ್ಲಿ ಹೊರಗಿನ ಗಾಳಿ ಸೊನ್ನೆಗಿಂತ ಕೆಳಗಿರುವಾಗ ಇದೇ ಕೆಲಸ ಮಾಡಿದರೆ ನೀರಿಗಿಳಿಯುವ ಮೊದಲೇ ಮಂಜು ಕೂತಿರುತ್ತದೆ. ಪರೀಕ್ಷೆಯನ್ನು ಬೆಚ್ಚಗಿನ ಕೋಣೆಯಲ್ಲೇ ಮುಗಿಸಿ. ಹೊರಗೆ ಮಾಡಲೇಬೇಕಾದರೆ ಉಸಿರು ಎಳೆದುಕೊಳ್ಳಿ, ಬಿಡುವಾಗ ರೆಗ್ಯುಲೇಟರನ್ನು ಬಾಯಿಂದ ತೆಗೆಯಿರಿ. ನೀರೊಳಗೆ ಡ್ರೈ ಸೂಟ್‌ಗೂ ಬಿಸಿಡಿಗೂ (ತೇಲಲು ಗಾಳಿ ತುಂಬುವ ಜಾಕೆಟ್) ಒಟ್ಟಿಗೆ ಗಾಳಿ ತುಂಬಬೇಡಿ. ಒಂದೊಂದು ಸೆಕೆಂಡಿನ ಪುಟ್ಟ ಒತ್ತು ಸಾಕು, ಅದೂ ಉಸಿರೆಳೆಯುವ ಹೊತ್ತಿನಲ್ಲಲ್ಲ.

ಬಾಡಿಗೆ ಸಲಕರಣೆಯನ್ನು ನೋಡಿಯೇ ತೆಗೆದುಕೊಳ್ಳಿ. ಯುರೋಪಿನ ಇಎನ್ 250 ಮಾನದಂಡದಲ್ಲಿ 10 ಡಿಗ್ರಿಗಿಂತ ಕೆಳಗಿನದು ತಣ್ಣೀರು. ಅದಕ್ಕೆ ಸಲ್ಲದ ರೆಗ್ಯುಲೇಟರ್ ಮೇಲೆ ‘10 ಡಿಗ್ರಿಗಿಂತ ಹೆಚ್ಚು’ ಎಂಬ ಚಿಹ್ನೆ ಇರುತ್ತದೆ. ಕಂಡರೆ ವಾಪಸ್ ಕೊಡಿ. ಫಸ್ಟ್ ಸ್ಟೇಜಿನ ಒಳಕ್ಕೆ ನೀರು ಬರದಂತೆ ಸೀಲ್ ಮಾಡಿದ ಡಯಾಫ್ರಾಂ (ಬಾಗುವ ಪೊರೆಯ) ಮಾದರಿ ಒಳ್ಳೆಯದು. ಅದಕ್ಕಿಂತ ಮುಖ್ಯ, ಒಂದೇ ಸಿಲಿಂಡರಿಗೆ ಎರಡು ವಾಲ್ವ್, ಎರಡು ಬೇರೆ ಬೇರೆ ಫಸ್ಟ್ ಸ್ಟೇಜ್. ಒಂದೇ ಫಸ್ಟ್ ಸ್ಟೇಜಿನಿಂದ ಇಬ್ಬರು ಉಸಿರಾಡಿದರೆ ಹರಿವು ಇಮ್ಮಡಿಯಾಗಿ, ಕಾಪಾಡಲು ಬಂದವರದೂ ಹೆಪ್ಪುಗಟ್ಟಬಹುದು. ದುಡ್ಡು ಉಳಿಸುವ ಜಾಗ ಇದಲ್ಲ.

ಇಷ್ಟಾದರೂ ಫ್ರೀ ಫ್ಲೋ ಶುರುವಾದರೆ? 12 ಲೀಟರ್ ಸಿಲಿಂಡರಿನಲ್ಲಿ 200 ಬಾರ್ ಎಂದರೆ 2400 ಲೀಟರ್ ಗಾಳಿ. ಆಳದಲ್ಲಿ ಅದು ಕೆಲವೇ ನಿಮಿಷಗಳಲ್ಲಿ ಬರಿದಾಗುತ್ತದೆ. ಮೊದಲು ಜೊತೆಗಾರರಿಗೆ ಸನ್ನೆ ಮಾಡಿ, ಇನ್ನೊಂದು ರೆಗ್ಯುಲೇಟರ್ ಬಾಯಿಗಿಡಿ. ಆಮೇಲಷ್ಟೇ ಕೆಟ್ಟದ್ದರ ವಾಲ್ವ್ ಮುಚ್ಚಿ. ಈ ಕ್ರಮ ತಿರುವುಮುರುವಾದರೆ ಉಸಿರಿಗೇ ಕುತ್ತು. ಬೇರೆ ಗಾಳಿ ಕೈಗೆಟುಕದಿದ್ದರೆ ಮೌತ್‌ಪೀಸನ್ನು ತುಟಿಯಿಂದ ಬಿಗಿಯಾಗಿ ಮುಚ್ಚದೆ, ಹೆಚ್ಚಿನ ಗಾಳಿ ಪಕ್ಕದಿಂದ ಹೋಗಲು ಬಿಟ್ಟು, ಬೇಕಾದಷ್ಟನ್ನೇ ಹೀರುತ್ತಾ ಮೇಲೇರಿ. ಸೂಟ್‌ಗೋ ಬಿಸಿಡಿಗೋ ಗಾಳಿ ತುಂಬುವ ಇನ್‌ಫ್ಲೇಟರ್ ತೆರೆದೇ ಕೂತರೆ ಅದರ ಹೋಸ್ ಕಳಚಿ ಗಾಳಿ ಹೊರಬಿಡಿ, ಇಲ್ಲವಾದರೆ ಚೆಂಡಿನಂತೆ ಮೇಲೆ ಚಿಮ್ಮುತ್ತೀರಿ. ದಪ್ಪ ಗ್ಲೌಸ್ ಹಾಕಿಕೊಂಡು ಆ ಕ್ಲಿಪ್ ಬಿಚ್ಚುವುದು ಸುಲಭವಲ್ಲ, ದಡದಲ್ಲೇ ಹತ್ತು ಸಲ ಅಭ್ಯಾಸ ಮಾಡಿ. ವಾಲ್ವ್ ಮುಚ್ಚಿಟ್ಟರೆ ಸುತ್ತಲ ನೀರಿನಲ್ಲೇ ಮಂಜು ಕರಗಿ ರೆಗ್ಯುಲೇಟರ್ ಸರಿಹೋಗುವುದುಂಟು. ಸರಿಹೋಯಿತೆಂದು ಡೈವ್ ಮುಂದುವರಿಸಬಾರದು.

ಅದೇ ದಿನ ಎರಡನೇ ಬಾರಿ ಇಳಿಯುವವರು ಒದ್ದೆ ರೆಗ್ಯುಲೇಟರನ್ನು ಹೊರಗಿನ ಬೆಂಚಿನ ಮೇಲೆ ಇಟ್ಟು ಚಹಾಕ್ಕೆ ಹೋಗದೆ, ಹೀಟರ್ ಇರುವ ವ್ಯಾನಿನೊಳಗೆ ಇಡಲಿ.

– ಸ್ಕೂಬಾ ತರಬೇತುದಾರರು, ಮುರುಡೇಶ್ವರ