ಡೇಟ್ ದಾಟಿತೆನ್ನುವ ಮೊದಲು

ಮಾನ್ಯರೇ,

‘ಹೆರಿಗೆ ಡೇಟ್ ದಾಟಿತು, ನೋವು ಬರಿಸಿ’ ಎಂದು ಮನೆಯವರು ಪಟ್ಟು ಹಿಡಿಯುವುದುಂಟು. ಆ ಡೇಟ್ ಬಂದದ್ದೆಲ್ಲಿಂದ? ತಾಯಿ ಕಾರ್ಡ್‌ನಲ್ಲಿರುವುದು ಕೊನೆಯ ಮುಟ್ಟಿನ ಮೊದಲ ದಿನಕ್ಕೆ 280 ದಿನ ಕೂಡಿಸಿದ ಲೆಕ್ಕ. 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಅದು ಸರಿ. 35 ದಿನಕ್ಕೊಮ್ಮೆ ಆಗುವವರಿಗೆ ನಿಜವಾದ ದಿನಾಂಕ ಒಂದು ವಾರ ಮುಂದೆ ಹೋಗುತ್ತದೆ. ಕೊನೆಯ ಮುಟ್ಟು ‘ಯುಗಾದಿ ಆಸುಪಾಸು’ ಎಂದು ಬರೆಸಿದ್ದರಂತೂ ಕೇಳುವುದೇ ಬೇಡ.

9ರಿಂದ 14 ವಾರದೊಳಗಿನ ಸ್ಕ್ಯಾನ್‌ಗೂ ಮುಟ್ಟಿನ ಲೆಕ್ಕಕ್ಕೂ 7 ದಿನಕ್ಕಿಂತ ಹೆಚ್ಚು ಅಂತರವಿದ್ದರೆ ಸ್ಕ್ಯಾನ್‌ನದನ್ನೇ ಹಿಡಿಯಬೇಕು, ಆಮೇಲೆ ಬದಲಿಸಬಾರದು. ಎಂಟನೇ ತಿಂಗಳ ವರದಿಯಲ್ಲೂ ಹೊಸ ದಿನಾಂಕವೊಂದು ಅಚ್ಚಾಗಿರುತ್ತದೆ. ಅದು ಮೂರು ವಾರ ಆಚೀಚೆ ಆಗಬಹುದು. ಮಗು ಸಣ್ಣದಿದ್ದರೆ ದಿನಾಂಕ ಮುಂದಕ್ಕೆ ಹೋಗಿ, ಬೆಳವಣಿಗೆ ಕುಂಠಿತವಾದದ್ದೇ ಮರೆಯಾಗುತ್ತದೆ.

ದಿನಾಂಕ ಖಚಿತವಿದ್ದು ಬೇರೆ ತೊಂದರೆ ಇಲ್ಲದಿದ್ದರೆ, 41 ವಾರ ತುಂಬಿದಾಗ ನೋವು ಬರಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ದಿನಾಂಕವೇ ಅನುಮಾನವೆಂದರೆ ಗರ್ಭನೀರಿನ ಅಳತೆ, ಮಗುವಿನ ಎದೆಬಡಿತ ನೋಡಿ ವೈದ್ಯರು ನಿರ್ಧರಿಸಬೇಕಾಗುತ್ತದೆ. ಮೊದಲ ಸ್ಕ್ಯಾನ್ ವರದಿಯನ್ನು ತಾಯಿ ಕಾರ್ಡ್‌ಗೇ ಪಿನ್ ಮಾಡಿಡಿ. ಮಗುವಿನ ಒದೆತ ಕಡಿಮೆಯಾದರಂತೂ ಯಾವ ಡೇಟ್‌ಗೂ ಕಾಯದೆ ಆಸ್ಪತ್ರೆಗೆ ಹೊರಡಿ.