ಮಗಳಿಗೊಂದು ಪತ್ರ: ನಿನ್ನೂರು ಡರ್ಹಮ್

ಪುಟ್ಟೀ,

ಕಾಲೇಜಿನಲ್ಲಿ ಯಾರಾದರೂ ಯಾವೂರು ಅಂತ ಕೇಳಿದರೆ ಏನು ಹೇಳಲಿ ಅಂದೆಯಲ್ಲ, ಫೋನಿನಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ತಿಪಟೂರು ನನ್ನೂರು. ನಿನ್ನೂರು ಅಮೆರಿಕದ ನಾರ್ತ್ ಕ್ಯಾರೊಲಿನಾದ ಡರ್ಹಮ್. ಅಳುಕದೆ ಹಾಗೇ ಹೇಳು. ಆದರೆ ನಮ್ಮೂರು ಅಂದಮೇಲೆ ಅದರ ಹಿಂದಿನದ್ದೂ ನಮಗೆ ಗೊತ್ತಿರಬೇಕು, ಅದಕ್ಕೇ ಈ ಕಾಗದ.

ಊರಿನ ಉತ್ತರಕ್ಕಿರುವ ಸ್ಟ್ಯಾಗ್‌ವಿಲ್ ಅನ್ನುವ ಹಳೆಯ ಗುಲಾಮಗಿರಿಯ ಕಾಲದ ತೋಟಕ್ಕೆ ನಿನ್ನನ್ನು ಕರೆದುಕೊಂಡು ಹೋಗಬೇಕು. 1860ರ ಹೊತ್ತಿಗೆ ಅದರ ಒಡೆಯರಾದ ಬೆನ್ನೆಹಾನ್–ಕ್ಯಾಮರಾನ್ ಕುಟುಂಬದ ಕೈಯಲ್ಲಿ ಸುಮಾರು 30,000 ಎಕರೆ ಜಮೀನು, ಸುಮಾರು 900 ಗುಲಾಮರು ಇದ್ದರು. ಆ ತೋಟದ ಹಾರ್ಟನ್ ಗ್ರೋವ್‌ನಲ್ಲಿ ಆ ಗುಲಾಮರು ಬಾಳಿದ ಮರದ ಮನೆಗಳು ಈಗಲೂ ನಿಂತಿವೆ: ಎರಡು ಅಂತಸ್ತು, ನಾಲ್ಕು ಕೋಣೆ, ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ. ಇಟ್ಟಿಗೆಯ ಹೊಗೆಗೂಡುಗಳನ್ನು ಹತ್ತಿರ ಹೋಗಿ ನೋಡಬೇಕು. ಹಸಿ ಇಟ್ಟಿಗೆಯನ್ನು ಎತ್ತಿ ಒಣಗಲು ಇಟ್ಟವರ ಬೆರಳ ಗುರುತು ಕೆಲವದರಲ್ಲಿ ಹಾಗೇ ಉಳಿದಿದೆ. ಎಷ್ಟೋ ಜನರ ಹೆಸರನ್ನು ಯಾರೂ ಬರೆದಿಡದ ಕಾಲ ಅದು. ಅಲ್ಲಿ ನಿಂತಾಗ ನನಗೆ ಮಾತೇ ಹೊರಡಲಿಲ್ಲ. ಅವರ ಮೊಮ್ಮಕ್ಕಳ ಮಕ್ಕಳು ಇಂದಿಗೂ ಈ ಊರಿನಲ್ಲಿದ್ದಾರೆ. ನಿನ್ನ ಜೊತೆ ಶಾಲೆಗೆ ಬಂದವರಲ್ಲೂ ಇದ್ದಿರಬಹುದು.

ಬಿಡುಗಡೆಯಾದವರು ಊರೊಳಗೆ ಹೇಟೈ ಅನ್ನುವ ಪೇಟೆ ಕಟ್ಟಿಕೊಂಡರು. ಅಂಗಡಿ, ಚರ್ಚು, ಆಸ್ಪತ್ರೆ ಎಲ್ಲ ಅವರವೇ. 1898ರಲ್ಲಿ ಅವರೇ ಶುರುಮಾಡಿದ ನಾರ್ತ್ ಕ್ಯಾರೊಲಿನಾ ಮ್ಯೂಚುವಲ್ ವಿಮಾ ಕಂಪನಿ ದೇಶದಲ್ಲೇ ಹೆಸರಾಯಿತು. 1957ರ ಜೂನ್ 23ರಂದು ಪಾದ್ರಿ ಡಗ್ಲಾಸ್ ಮೂರ್ ಮತ್ತು ಆರು ಜನ ಯುವಕ ಯುವತಿಯರು, ಎಲ್ಲರೂ ಕಪ್ಪು ಜನರು, ಇಲ್ಲಿನ ರಾಯಲ್ ಐಸ್ ಕ್ರೀಮ್ ಅಂಗಡಿಯಲ್ಲಿ ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಕಡೆ ಹೋಗಿ ಕೂತರು. ಏಳೂ ಜನರನ್ನು ಪೊಲೀಸರು ಹಿಡಿದರು. ಎಲ್ಲರೂ ನೆನೆಯುವ, ಇದೇ ರಾಜ್ಯದ ಗ್ರೀನ್ಸ್‌ಬರೋ ಊರಿನ ಇಂಥದೇ ಧರಣಿ ನಡೆದದ್ದು ಇದಾದ ಮೇಲೆ, 1960ರಲ್ಲಿ.

ಆಮೇಲೆ ಹೆದ್ದಾರಿ ಬಂತು. ನಗರ ಸುಧಾರಣೆಯ ಹೆಸರಿನಲ್ಲಿ ಹೇಟೈನ ಮನೆ, ಅಂಗಡಿಗಳನ್ನು ಕೆಡವಿ ಡರ್ಹಮ್ ಫ್ರೀವೇ ಹಾಕಿದರು. ಅಪ್ಪ ದಿನಾ ಬೆಳಿಗ್ಗೆ ಕೆಲಸಕ್ಕೆ, ಸಂಶೋಧನಾ ಕಂಪನಿಗಳಿರುವ ರಿಸರ್ಚ್ ಟ್ರಯಾಂಗಲ್ ಪಾರ್ಕಿಗೆ, ಹೋಗುವುದು ಅದೇ ರಸ್ತೆಯಲ್ಲಿ, ಪುಟ್ಟೀ. ನಮ್ಮ ಅನ್ನ ಬರುವ ದಾರಿ ಅದು. 1959ರಲ್ಲಿ ಆ ಪಾರ್ಕ್ ಆಗದಿದ್ದರೆ ನಾವಿಬ್ಬರೂ ಈ ಕಡೆ ತಲೆಹಾಕಿಯೂ ಮಲಗುತ್ತಿರಲಿಲ್ಲ. ಇಷ್ಟು ವರ್ಷ ಓಡಾಡಿದ ರಸ್ತೆಯ ಅಡಿಯಲ್ಲಿ ಯಾರ ಮನೆಗಳಿದ್ದವು ಅನ್ನುವುದು ನಿನಗೆ ತಿಳಿದಿರಲಿ.

ಕೆಡವದೆ ಉಳಿಸಿಕೊಂಡದ್ದೂ ಇದೆ. 1960ರ ದಶಕದಲ್ಲಿ ನಗರದವರು ನೀರಿಗಾಗಿ ಈನೋ ನದಿಗೆ ಅಣೆಕಟ್ಟು ಕಟ್ಟಲು ಹೊರಟಾಗ ಮಾರ್ಗರೆಟ್ ನೈಗಾರ್ಡ್ ಅನ್ನುವ ಹೆಣ್ಣುಮಗಳು ಅಕ್ಕಪಕ್ಕದವರನ್ನು ಕೂಡಿಸಿಕೊಂಡು ಎದುರು ನಿಂತರು. 1966ರಲ್ಲಿ ಸಂಘ ಕಟ್ಟಿ, ಸಭೆ ಸಭೆಗೂ ಹೋಗಿ, ದಡದ ಜಮೀನನ್ನು ತುಂಡು ತುಂಡಾಗಿ ಉಳಿಸುತ್ತ ಬಂದರು. ನೀನು ಕಲ್ಲಿಂದ ಕಲ್ಲಿಗೆ ಹಾರುತ್ತಿದ್ದ ಆ ನೀರು ಅವರು ಸೋತಿದ್ದರೆ ಜಲಾಶಯದ ತಳದಲ್ಲಿರುತ್ತಿತ್ತು. ಎಲೆ ಚಿಗುರುವ ಮುನ್ನ ನೆಲದಲ್ಲಿ ಅರಳುವ ಹಳದಿ ಟ್ರೌಟ್ ಲಿಲ್ಲಿ, ಮೇ ತಿಂಗಳಲ್ಲಿ ದಿಬ್ಬದ ತುಂಬ ಬಿಡುವ ಮೌಂಟನ್ ಲಾರೆಲ್, ತೇವದ ಕಲ್ಲಿನಡಿಯ ಸಲಮಾಂಡರ್, ಎಲ್ಲ ಹಾಗೇ ಇವೆ. ನದಿಯ ಹೆಸರು ಮಾತ್ರ ಇವರೆಲ್ಲರಿಗಿಂತ ಮೊದಲು ಅಲ್ಲಿದ್ದ ಮೂಲನಿವಾಸಿ ಈನೋ ಜನರದ್ದು.

ಜುಲೈ 4ಕ್ಕೆ ರಜೆ ಸಿಕ್ಕರೆ ಬಾ. ನದಿ ದಡದಲ್ಲಿ ಈನೋ ಹಬ್ಬ ಇರುತ್ತೆ. ಮಾರನೆಯ ದಿನ ಹಾರ್ಟನ್ ಗ್ರೋವ್‌ಗೆ ಹೋಗೋಣ, ಅಪ್ಪನೂ ಬರುತ್ತಾರಂತೆ. ಹಳೆಯ ಶೂ ತರಲು ಮರೆಯಬೇಡ, ನೀರಿಗಿಳಿಯಬೇಕು.

ನಿನ್ನ ಅಮ್ಮ