ಡಬ್ಬ ಯಾವುದಾದರೂ ಇರಲಿ, ಹಾರ್ಡ್ ಡಿಸ್ಕ್ ಮೊದಲು

ಕುವೆಂಪುನಗರ, ಮೈಸೂರು
ಸಂಕ್ರಾಂತಿ ಕಳೆದ ವಾರ, 2026

ಚಿ. ಸೌ. ಸುಮಾಳಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ಕಳಿಸಿದ ಎಳ್ಳು-ಬೆಲ್ಲವೂ, ಯಾವ ಆಂಟಿವೈರಸ್ ಡಬ್ಬ ಕೊಳ್ಳಲಿ ಎಂದು ಕೇಳಿ ಅದರ ಜೊತೆಗಿಟ್ಟಿದ್ದ ಅಂಗಡಿಯ ಪಟ್ಟಿಯೂ ತಲುಪಿದವು. ಎಳ್ಳು-ಬೆಲ್ಲ ಅಂದೇ ಖಾಲಿಯಾಯಿತು. ಪಟ್ಟಿಯನ್ನು ಎರಡು ದಿನ ಇಟ್ಟುಕೊಂಡು ಓದಿದೆ. ನೂರಡಿ ರಸ್ತೆಯ ಅಂಗಡಿಯವನು ಏಳು ಕಂಪನಿಗಳ ಹೆಸರನ್ನು ಸಾಲಾಗಿ ಬರೆದು, ಎದುರಿಗೆ ಯಾವ ಯಾವ ಸೌಲಭ್ಯವಿದೆ ಎಂದು ಸರಿ ಗುರುತುಗಳನ್ನು ಹಾಕಿ, ಹೆಚ್ಚು ಗುರುತು ಬಿದ್ದುದನ್ನೇ ಕೊಳ್ಳಿ ಎಂದಿದ್ದಾನೆ. ಅವನ ವ್ಯಾಪಾರ ಅವನದು, ತಪ್ಪೆನ್ನುವುದಿಲ್ಲ. ಆದರೆ ನಿನ್ನ ಮನೆಯ ಕಂಪ್ಯೂಟರ್‌ನಲ್ಲಿ ಏನಿದೆ, ಅದರ ಮುಂದೆ ಯಾರು ಯಾರು ಕೂರುತ್ತಾರೆ ಎಂಬುದು ಆ ಪಟ್ಟಿಗೆ ಗೊತ್ತಿಲ್ಲ. ನನಗೆ ಗೊತ್ತು. ಅಳಿಯಂದಿರ ಆಲೆಮನೆಯ ಲೆಕ್ಕ, ಜಿಎಸ್‌ಟಿ ಕಾಗದಗಳು, ಮಕ್ಕಳ ಪಾಠ, ಸಂಜೆ ನಿಮ್ಮ ಅತ್ತೆಯವರ ಯೂಟ್ಯೂಬ್ ಹರಿಕಥೆ. ಇಷ್ಟನ್ನು ಕಾಯಲು ಏನು ಬೇಕು ಎಂದು ಕೇಳಿಕೊಂಡರೆ ಪಟ್ಟಿ ಅರ್ಧಕ್ಕಿಳಿಯುತ್ತದೆ.

ಮೊದಲು ಹೆಸರುಗಳನ್ನೇ ನೋಡು. ನಾರ್ಟನ್, ಅವಾಸ್ಟ್, ಎವಿಜಿ, ಅವಿರಾ ಎಂದು ನಾಲ್ಕು ಸಾಲುಗಳಿವೆ. ಅವಾಸ್ಟ್ 2016ರಲ್ಲಿ ಎವಿಜಿಯನ್ನು ಕೊಂಡಿತು. ನಾರ್ಟನ್‌ನವರು ಅವಿರಾವನ್ನು ಕೊಂಡು, 2022ರಲ್ಲಿ ಅವಾಸ್ಟನ್ನೂ ಸೇರಿಸಿಕೊಂಡು, ಈಗ ಜೆನ್ ಡಿಜಿಟಲ್ ಎಂಬ ಒಂದೇ ಕಂಪನಿಯಾಗಿದ್ದಾರೆ. ಒಂದೇ ಆಲೆಮನೆಯ ಬೆಲ್ಲಕ್ಕೆ ನಾಲ್ಕು ಚೀಟಿ ಅಂಟಿಸಿದರೆ ಅಳಿಯಂದಿರು ನಾಲ್ಕು ಮಾದರಿ ಎನ್ನುತ್ತಾರೆಯೇ? ಉಳಿದವುಗಳಲ್ಲಿ ಕ್ವಿಕ್ ಹೀಲ್ ಪುಣೆಯದು, ಕೆ7 ಚೆನ್ನೈಯದು, ಕ್ಯಾಸ್ಪರ್‌ಸ್ಕಿ ಮಾಸ್ಕೋದ್ದು.

ಇನ್ನು ಆ ಸರಿ ಗುರುತುಗಳು. ಫೈರ್‌ವಾಲ್ ಎಂದಿದೆಯಲ್ಲ, ಹೊರಗಿನಿಂದ ನುಗ್ಗುವ ಸಂಪರ್ಕಗಳನ್ನು ತಡೆಯುವ ಗೋಡೆ, ಅದು 2004ರ ವಿಂಡೋಸ್ ಎಕ್ಸ್‌ಪಿ ಸರ್ವೀಸ್ ಪ್ಯಾಕ್ 2ರಿಂದಲೂ ವಿಂಡೋಸ್‌ನಲ್ಲಿ ತಾನಾಗಿಯೇ ಚಾಲೂ ಇರುತ್ತದೆ. ಅನಗತ್ಯ ಮಿಂಚಂಚೆಯ ಸೋಸುವಿಕೆಯನ್ನು ಜಿಮೇಲ್ ಆಗಲೇ ಮಾಡುತ್ತಿದೆ. ಕಂಪ್ಯೂಟರ್ ವೇಗ ಹೆಚ್ಚಿಸುವ ಟ್ಯೂನ್-ಅಪ್‌ಗೆ ನಾನು ಕಾಸು ಕೊಡೆನು. ವಿಪಿಎನ್ ವೈರಸ್ ತಡೆಯುವುದಿಲ್ಲ, ಇಂಟರ್ನೆಟ್ ಸಂಪರ್ಕವನ್ನು ಮರೆಮಾಡುವುದಷ್ಟೇ ಅದರ ಕೆಲಸ. ಮಕ್ಕಳ ಮೇಲಿನ ನಿಗಾ ಬೇಕೆಂದರೆ ಮೈಕ್ರೋಸಾಫ್ಟ್‌ನದೇ ಫ್ಯಾಮಿಲಿ ಸೇಫ್ಟಿ ಇದೆ, ಅದಕ್ಕೆ ಹಣ ಬೇಡ. ಇವೆಲ್ಲ ಹೋದ ಮೇಲೆ ನಿಜವಾಗಿ ಉಪಯೋಗಕ್ಕೆ ಬರುವುದು ಎರಡೇ: ವೈರಸ್ ಹಿಡಿಯುವ ಮೂಲ ಕೆಲಸ, ಮತ್ತು ಬ್ಯಾಂಕಿನ ವ್ಯವಹಾರಕ್ಕೆಂದು ಪ್ರತ್ಯೇಕವಾಗಿ ತೆರೆದುಕೊಳ್ಳುವ ಸುರಕ್ಷಿತ ಬ್ರೌಸರ್ ಕಿಟಕಿ. ಎರಡನೆಯದು ಕ್ವಿಕ್ ಹೀಲ್, ಪಟ್ಟಿಯಲ್ಲಿಲ್ಲದ ಬಿಟ್‌ಡಿಫೆಂಡರ್, ಕ್ಯಾಸ್ಪರ್‌ಸ್ಕಿ ಮೂರರಲ್ಲೂ ಇದೆ. ಆದರೆ ಅಗ್ಗದ ಡಬ್ಬದಲ್ಲೂ ಇದೆಯೇ, ದುಬಾರಿಯದರಲ್ಲಿ ಮಾತ್ರವೇ ಎಂದು ಕೇಳಿಕೋ.

ವೈರಸ್ ಹಿಡಿಯುವ ಕೆಲಸವನ್ನು ಅಳೆಯುವವರಿದ್ದಾರೆ. ಜರ್ಮನಿಯ ಮಾಗ್ಡೆಬರ್ಗ್‌ನಲ್ಲಿ ಎವಿ-ಟೆಸ್ಟ್, ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಎವಿ-ಕಂಪ್ಯಾರೆಟಿವ್ಸ್. ಎವಿ-ಟೆಸ್ಟ್ ಮೂರು ವಿಷಯಕ್ಕೆ ಆರಾರು ಅಂಕ ಕೊಡುತ್ತದೆ: ರಕ್ಷಣೆ, ಕಂಪ್ಯೂಟರ್ ಮೇಲೆ ಬೀಳುವ ಭಾರ, ಒಳ್ಳೆಯ ಫೈಲನ್ನು ಕೆಟ್ಟದ್ದೆಂದು ಕೂಗದಿರುವುದು. ಮೇಲಿನ ಸಾಲಿನವರೆಲ್ಲ ಹದಿನೆಂಟಕ್ಕೆ ಹದಿನೆಂಟೋ, ಅದರ ಆಸುಪಾಸೋ ಬರುತ್ತಾರೆ. ವಿಂಡೋಸ್ ಜೊತೆಗೇ ಬರುವ, ನೀನು ಒಂದು ರೂಪಾಯಿಯನ್ನೂ ಕೊಡದ ಡಿಫೆಂಡರ್ ಕೂಡ ಆ ಸಾಲಿನಲ್ಲೇ ಇರುತ್ತದೆ. ಅಂಗಡಿಯವನ ಪಟ್ಟಿಯಲ್ಲಿ ಅದರ ಹೆಸರಿಲ್ಲದಿರುವುದು ನನಗೇನೂ ಆಶ್ಚರ್ಯವಲ್ಲ. ನಿನಗೆ ಮುಖ್ಯವಾದದ್ದು ಆ ಎರಡನೆಯ ವಿಷಯ. ನಿಮ್ಮದು 4 ಜಿಬಿ ರ‍್ಯಾಮ್‌ನ ಹಳೆಯ ಪೆಟ್ಟಿಗೆ. ಎಲ್ಲ ಸೌಲಭ್ಯ ತುಂಬಿದ ಭಾರದ ಸೂಟ್ ಹಾಕಿದರೆ ಬೆಳಿಗ್ಗೆ ಗುಂಡಿ ಒತ್ತಿ, ಕಾಫಿ ಕುಡಿದು ಬಂದರೂ ಲೆಕ್ಕದ ಟ್ಯಾಲಿ ತೆರೆದಿರುವುದಿಲ್ಲ. ಹೆಚ್ಚಿನವರು ಒಂದು ತಿಂಗಳು ಪುಕ್ಕಟೆ ಬಳಸಲು ಬಿಡುತ್ತಾರೆ. ಬಳಸಿ ನೋಡದೆ ಮೂರು ವರ್ಷದ ಪರವಾನಗಿ ಕೀ ಕೊಳ್ಳಬೇಡ. ಎರಡನ್ನು ಒಟ್ಟಿಗೆ ಹಾಕುವ ಯೋಚನೆಯೂ ಬೇಡ, ಒಂದು ಇನ್ನೊಂದನ್ನೇ ಕಳ್ಳನೆಂದು ಹಿಡಿಯುತ್ತದೆ.

ಬೆಲೆಯ ಬಗ್ಗೆ ಒಂದೇ ಮಾತು: ಡಬ್ಬದ ಬೆಲೆಯನ್ನಲ್ಲ, ಎರಡನೆಯ ವರ್ಷದ ನವೀಕರಣದ ಬೆಲೆಯನ್ನು ಕೇಳು. ಕಾರ್ಡ್‌ನಲ್ಲಿ ಕೊಂಡರೆ ತಾನಾಗಿ ನವೀಕರಣಗೊಳ್ಳುವ ಆಯ್ಕೆಯನ್ನು ಅಂದೇ ತೆಗೆ.

ಪುಕ್ಕಟೆಯದರಲ್ಲಿ ಯಾವುದಾದರೊಂದು ಹಾಕಿಕೊಳ್ಳಲೇ ಎಂದೂ ಕೇಳಿದ್ದೀಯೆ. ಆಂಟಿವೈರಸ್‌ಗೆ ನಾವು ಕೊಡುವ ಅಧಿಕಾರ ದೊಡ್ಡದು. ಯಾವ ಪುಟ ನೋಡಿದೆ, ಯಾವ ಫೈಲ್ ತೆರೆದೆ ಎಲ್ಲವೂ ಅದರ ಕಣ್ಣಿಗೆ ಬೀಳುತ್ತದೆ. ಅವಾಸ್ಟ್ ತನ್ನ ಬಳಕೆದಾರರ ಬ್ರೌಸಿಂಗ್ ವಿವರಗಳನ್ನು ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತು. 2020ರಲ್ಲಿ ಅದು ಬಯಲಾಗಿ ಅಂಗಸಂಸ್ಥೆಯನ್ನು ಮುಚ್ಚಬೇಕಾಯಿತು. 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗ 1.65 ಕೋಟಿ ಡಾಲರ್ ಕಟ್ಟಿಸಿತು. ಅದೇ ವರ್ಷ ಕ್ಯಾಸ್ಪರ್‌ಸ್ಕಿಯನ್ನು ಅಮೆರಿಕದಲ್ಲಿ ನಿಷೇಧಿಸಿದಾಗ, ಅಲ್ಲಿನ ಹಲವರ ಕಂಪ್ಯೂಟರ್‌ನಲ್ಲಿ ಅದರ ಜಾಗಕ್ಕೆ ಅಲ್ಟ್ರಾಎವಿ ಎಂಬ ಬೇರೊಂದು ತಂತ್ರಾಂಶ ತಾನಾಗಿಯೇ ಬಂದು ಕೂತಿತು. ಬೆಳಿಗ್ಗೆ ಎದ್ದು ನೋಡಿದವರಿಗೆ ಕಾವಲುಗಾರನೇ ಬೇರೆ! ಹಾಗಾಗಿ ಪುಕ್ಕಟೆ ಬೇಕೆಂದರೆ ಡಿಫೆಂಡರ್ ಸಾಕು. ಕಂಪ್ಯೂಟರ್‌ಗೆ ಆಗಲೇ ಏನಾದರೂ ಅಂಟಿದೆ ಎಂಬ ಅನುಮಾನವಿದ್ದರೆ, ನಮ್ಮ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2017ರಿಂದ ನಡೆಸುತ್ತಿರುವ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಉಚಿತ ಶುದ್ಧೀಕರಣದ ಸಾಧನಗಳಿವೆ.

ಈಗ ನಿನ್ನನ್ನು ಹೆದರಿಸಿದ ಆ ಕೆಂಪು ಪೆಟ್ಟಿಗೆಯ ವಿಷಯ. ‘ಐದು ವೈರಸ್ ಸಿಕ್ಕಿವೆ, ಇಂದೇ ನವೀಕರಿಸಿ’ ಎಂದು ಪರದೆಯ ಬಲಗಡೆ ಕೆಳಮೂಲೆಯಲ್ಲಿ ಬರುತ್ತದೆ ಎಂದಿದ್ದೆ. ನೀನು ಕಳಿಸಿದ ಚಿತ್ರವನ್ನು ಹಿಗ್ಗಿಸಿ ನೋಡಿದೆ. ಮೇಲೆ ಸಣ್ಣದಾಗಿ ಕ್ರೋಮ್‌ನ ಬಣ್ಣದ ಗುಂಡು ಇದೆ, ಅದರ ಜೊತೆಗೆ ಕಂಡು ಕೇಳರಿಯದ ಒಂದು ತಾಣದ ವಿಳಾಸ. ಅಂದರೆ ಅದು ಆಂಟಿವೈರಸ್ ಹೇಳಿದ ಮಾತಲ್ಲ. ಮನೆಯವರಲ್ಲಿ ಯಾರೋ ಯಾವುದೋ ಪುಟದಲ್ಲಿ ‘ಅನುಮತಿಸಿ’ ಒತ್ತಿದ್ದಾರೆ, ಆ ತಾಣ ದಿನವೂ ಜಾಹೀರಾತು ಕಳಿಸುತ್ತಿದೆ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಗೌಪ್ಯತೆ ಮತ್ತು ಭದ್ರತೆ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್ ತೆರೆದು ಆ ವಿಳಾಸವನ್ನು ತೆಗೆದುಹಾಕು. ಅತ್ತೆಯವರನ್ನು ಬೈಯಬೇಡ, ನಿನ್ನ ಮಕ್ಕಳೇ ಒತ್ತಿರುತ್ತಾರೆ.

ನಾನು ಈ ಪತ್ರ ಬರೆಯಲು ಕೂತದ್ದೇ ಮುಂದಿನ ವಿಷಯಕ್ಕೆ. ನಿಮ್ಮದು ವಿಂಡೋಸ್ 10. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಭದ್ರತಾ ಅಪ್‌ಡೇಟ್‌ಗಳನ್ನು ನಿಲ್ಲಿಸಿತು. ಡಿಫೆಂಡರ್‌ಗೆ ಹೊಸ ವೈರಸ್‌ಗಳ ಗುರುತು 2028ರವರೆಗೂ ಬರುತ್ತದೆ, ನಿಜ. ಆದರೆ ವಿಂಡೋಸ್‌ನಲ್ಲೇ ಬಿಟ್ಟ ಬಿರುಕನ್ನು ಅದು ಮುಚ್ಚುವುದಿಲ್ಲ, ನೀನು ಕೊಳ್ಳಹೊರಟ ಡಬ್ಬವೂ ಮುಚ್ಚುವುದಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರಾನ್ಸಮ್‌ವೇರ್ ಇಂಗ್ಲೆಂಡಿನ ಆಸ್ಪತ್ರೆಗಳವರೆಗೂ ಹೊಕ್ಕು ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳಿತಲ್ಲ, ಅದು ನುಗ್ಗಿದ ಬಿರುಕಿಗೆ ಮಾರ್ಚ್‌ನಲ್ಲೇ ಅಪ್‌ಡೇಟ್ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ನಿನ್ನ ಕಂಪ್ಯೂಟರ್ ಅನ್ನು ಮೈಕ್ರೋಸಾಫ್ಟ್ ಖಾತೆಗೆ ಸೇರಿಸಿ, ಸೆಟ್ಟಿಂಗ್‌ಗಳ ಬ್ಯಾಕಪ್‌ಗೆ ಒಪ್ಪಿಗೆ ಕೊಟ್ಟರೆ 2026ರ ಅಕ್ಟೋಬರ್‌ವರೆಗೆ ಹಣವಿಲ್ಲದೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಅಪ್‌ಡೇಟ್ ಪುಟದಲ್ಲೇ ಅದರ ಕೊಂಡಿ ಇರುತ್ತದೆ. ಮೊದಲು ಅದನ್ನು ಮಾಡು. ವಿಂಡೋಸ್ 11ಕ್ಕೆ ಹೋಗಬಹುದೇ ಎಂಬುದು ಪ್ರೊಸೆಸರ್ ಮೇಲಿದೆ. ಸಿಸ್ಟಮ್ ವಿವರದಲ್ಲಿ ಐ3-7100 ಎಂಬಂಥ ಸಂಖ್ಯೆಯಿದ್ದರೆ ಅದು ಏಳನೆಯ ತಲೆಮಾರು, ಆಗುವುದಿಲ್ಲ. ಗೆರೆಯ ನಂತರ 8100ರಂತೆ ಎಂಟರಿಂದ ಶುರುವಾಗಿದ್ದರೆ ಆಗಬಹುದು. ಅಲ್ಲೇ ಆಕ್ಟಿವೇಶನ್ ಪುಟವನ್ನೂ ನೋಡು. ಜೋಡಿಸಿಕೊಟ್ಟವನು ನಕಲಿ ವಿಂಡೋಸ್ ಹಾಕಿದ್ದರೆ, ಅದನ್ನು ನಡೆಸುವ ಕ್ರ್ಯಾಕ್ ಹಾಕುವಾಗಲೇ ಆಂಟಿವೈರಸ್ಸನ್ನು ನಿಲ್ಲಿಸಿರುತ್ತಾನೆ. ಆಮೇಲೆ ಯಾವ ಸೂಟ್ ಹಾಕಿಯೂ ಪ್ರಯೋಜನವಿಲ್ಲ.

ಅದಾದ ಮೇಲೆ, ಸೂಟ್‌ಗೆಂದು ತೆಗೆದಿಟ್ಟ ಹಣಕ್ಕೆ ಇನ್ನಷ್ಟು ಸೇರಿಸಿ ಹೊರಗಿನಿಂದ ಜೋಡಿಸುವ ಒಂದು ಹಾರ್ಡ್ ಡಿಸ್ಕ್ ಕೊಂಡುಕೋ. ಶನಿವಾರ ಸಂಜೆ ಟ್ಯಾಲಿಯ ಬ್ಯಾಕಪ್, ಜಿಎಸ್‌ಟಿ ಕಡತ, ಮಕ್ಕಳ ಫೋಟೋ ಅದಕ್ಕೆ ನಕಲಾಗಲಿ, ಕೂಡಲೇ ತಂತಿ ಕಿತ್ತು ಬೀರುವಿನಲ್ಲಿಡು. ಸಿಕ್ಕಿಸಿಯೇ ಬಿಟ್ಟರೆ ರಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ. ವಿಂಡೋಸ್ ಸೆಕ್ಯುರಿಟಿಯಲ್ಲಿ ರಾನ್ಸಮ್‌ವೇರ್ ರಕ್ಷಣೆ ಎಂಬ ಗುಂಡಿಯಿದೆ, ಅದು ಸಾಮಾನ್ಯವಾಗಿ ಆರಿರುತ್ತದೆ. ಹಾಕಿದರೆ ಟ್ಯಾಲಿಯನ್ನೂ ತಡೆಯಬಹುದು, ಆಗ ಅನುಮತಿಯ ಪಟ್ಟಿಗೆ ಸೇರಿಸಬೇಕು. ಅದನ್ನು ನಾನು ಬಂದು ಮಾಡಿಕೊಡುತ್ತೇನೆ.

ಇಷ್ಟಾದ ಮೇಲೂ ಅಳಿಯಂದಿರಿಗೆ ಡಬ್ಬವೇ ಬೇಕೆಂದರೆ ಹಗುರವಾದ, ಒಂದು ವರ್ಷದ, ಒಂದೇ ಕಂಪ್ಯೂಟರ್‌ನದು ಸಾಕು. ಬ್ಯಾಂಕಿನ ಕಿಟಕಿ ಇರುವುದನ್ನು ನೋಡಿ ತರಲಿ. ಸಹಾಯವಾಣಿ ಬೇಕಾದಾಗ ಡಬ್ಬದ ಮೇಲೆ ಅಚ್ಚಾಗಿರುವ ಸಂಖ್ಯೆಗೇ ಫೋನ್ ಮಾಡಬೇಕು, ಗೂಗಲ್‌ನಲ್ಲಿ ಹುಡುಕಿದ್ದಕ್ಕಲ್ಲ. ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್ ಹಾಕಿ, ಅದರಲ್ಲಿ ಕಾಣುವ ಅಂಕಿ ಹೇಳಿ ಎಂದವನ ಫೋನನ್ನು ಇಟ್ಟುಬಿಡಿ. ಪೊಲೀಸ್ ಸಮವಸ್ತ್ರ ತೊಟ್ಟು ವಿಡಿಯೋ ಕರೆಯಲ್ಲಿ ‘ಡಿಜಿಟಲ್ ಅರೆಸ್ಟ್’ ಎನ್ನುವವರನ್ನು ಯಾವ ಆಂಟಿವೈರಸ್ಸೂ ಹಿಡಿಯದು. ಹಣ ಹೋಗಿದ್ದರೆ ನಿಮಿಷವೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಈ ಸಂಖ್ಯೆಯನ್ನು ಅತ್ತೆಯವರ ಮೊಬೈಲ್‌ನಲ್ಲೂ ಉಳಿಸಿಕೊಡು.

ಮುಂದಿನ ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ. ಅಷ್ಟರಲ್ಲಿ ಪ್ರೊಸೆಸರ್ ಸಂಖ್ಯೆ ಬರೆದಿಟ್ಟಿರು, ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್ ನೆನಪಿದೆಯೇ ನೋಡಿಕೋ. ಅತ್ತೆಯವರಿಗೂ ಅಳಿಯಂದಿರಿಗೂ ನನ್ನ ನಮಸ್ಕಾರ ತಿಳಿಸು, ಮಕ್ಕಳಿಗೆ ಆಶೀರ್ವಾದ.

ಇಂತಿ ನಿನ್ನ
ಸೋದರಮಾವ